ಅರಗಿನ ಪ್ಲೇಟು, ಅಳಿಸಿದ ಹೆಸರು

ವಿಜಯಪುರದ ಸ್ಟೇಷನ್ ರಸ್ತೆಯ ಒಂದು ಗುಜರಿ ಅಂಗಡಿಯಲ್ಲಿ ನಾವು ಕೆಲವು ಗೆಳೆಯರು ಹಳೇ ಪುಸ್ತಕ ಹುಡುಕುತ್ತ ನಿಂತಿದ್ದೆವು. ತಗಡಿನ ಡಬ್ಬಿಗಳ ಕೆಳಗೆ ನಾಲ್ಕು ಗ್ರಾಮೋಫೋನ್ ಪ್ಲೇಟು ಸಿಕ್ಕವು. ಎರಡು ಒಡೆದಿದ್ದವು. ಒಂದು ಸೀಳಿತ್ತು. ನಾಲ್ಕನೆಯದು ನೆಟ್ಟಗಿತ್ತು, ಆದರೆ ನಡುವಿನ ಚೀಟಿ ನೀರು ಕುಡಿದು ಅಕ್ಷರ ಅಳಿಸಿ ಹೋಗಿದ್ದವು. ಹಾಡಿದವರು ಯಾರು, ಬರೆದವರು ಯಾರು, ತಬಲಾ ಸಾಥ್ ಕೊಟ್ಟವರು ಯಾರು, ಯಾವುದೂ ತಿಳಿಯುವಂತಿರಲಿಲ್ಲ. ಕೊಂಬಿನ ಮುಂದೆ ಕಿವಿಗೊಟ್ಟು ಕೂತ ನಾಯಿ ಮಾತ್ರ ಮಸುಕಾಗಿ ಉಳಿದಿತ್ತು.

"ಇದು ಯಾರ ಪ್ಲೇಟ್ರೀ?" ಅಂತ ಕೇಳಿದೆವು.

ಅಂಗಡಿಯವನು ತಿರುಗಿಸಿ ನೋಡಿ, "ನಾಯೀದ್ರಿ" ಅಂದ.

ನಾವು ನಕ್ಕೆವು. ಆದರೆ ರಸ್ತೆಗೆ ಬಂದ ಮೇಲೆ ಆ ಮಾತು ಬಿಡಲಿಲ್ಲ. ಹಾಡಿದ ಹೆಣ್ಣುಮಗಳ ಹೆಸರು ಅಳಿಸಿ ಹೋಗಿತ್ತು, ಕಂಪನಿಯ ನಾಯಿ ಉಳಿದಿತ್ತು. ಇದು ಬರೀ ನೀರು ಬಿದ್ದು ಆದದ್ದೇ? ಅಥವಾ ಮೊದಲಿನಿಂದಲೇ ಹೀಗೆ ಏರ್ಪಾಟಾಗಿತ್ತೆ? ಈ ಪ್ರಶ್ನೆಯನ್ನು ಹಿಡಿದು ನಾವು ಇಲ್ಲಿ ಒಂದಿಷ್ಟು ಚರಿತ್ರೆ ಹೇಳಬೇಕೆಂದಿದ್ದೇವೆ. ರಾಜರ ಚರಿತ್ರೆ ಬಲ್ಲ ಊರು ಇದು. ಇದೇ ರಸ್ತೆಯಲ್ಲಿ ಗೋಳಗುಮ್ಮಟ ನಿಂತಿದೆ; ಒಳಗೆ ಹೋಗಿ ಒಮ್ಮೆ ಕೂಗಿದರೆ ನಮ್ಮ ದನಿ ನಮಗೇ ಮತ್ತೆ ಮತ್ತೆ ಕೇಳುತ್ತದೆ. ಆದರೆ ಈ ಊರಿನ ಹೆಣ್ಣುಮಕ್ಕಳ ದನಿ ಎಲ್ಲೆಲ್ಲಿಗೆ ಹೋಯಿತು, ಯಾರಿಗೆ ಲಾಭ ತಂದಿತು, ಯಾರ ಹೆಸರಿನಲ್ಲಿ ತಿರುಗಿ ಬಂತು ಎಂಬುದನ್ನು ನಮಗೆ ಯಾವ ಸಾಲಿಯಲ್ಲೂ ಕಲಿಸಲಿಲ್ಲ.

ಮೊದಲು ಆ ನಾಯಿಯ ಮಾತು. ತಿರುಗುವ ಚಪ್ಪಟೆ ತಟ್ಟೆಯ ಮೇಲೆ ದನಿ ಕೊರೆಯುವ ಯಂತ್ರಕ್ಕೆ 1887ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದವನು ಎಮಿಲ್ ಬರ್ಲಿನರ್, ಜರ್ಮನಿಯಿಂದ ವಲಸೆ ಹೋದವನು. ಅವನ ಯಂತ್ರದ ಹಕ್ಕು ಹಿಡಿದು ಲಂಡನ್ನಿನಲ್ಲಿ ಗ್ರಾಮೋಫೋನ್ ಕಂಪನಿ ಹುಟ್ಟಿತು, ಅಮೆರಿಕದಲ್ಲಿ ವಿಕ್ಟರ್ ಕಂಪನಿ ಹುಟ್ಟಿತು. ಫ್ರಾನ್ಸಿಸ್ ಬರಾಡ್ ಎಂಬ ಇಂಗ್ಲಿಷ್ ಚಿತ್ರಗಾರ ಬರೆದ ನಾಯಿಯ ಚಿತ್ರವನ್ನು ಇಬ್ಬರೂ ಹಂಚಿಕೊಂಡರು. ಅಲ್ಲಿ ಅದು ವಿಕ್ಟರ್ ನಾಯಿ, ಇಲ್ಲಿ ಎಚ್.ಎಂ.ವಿ. ನಾಯಿ. ಚಿತ್ರದ ಹೆಸರೇ 'ಒಡೆಯನ ದನಿ'. ಇಂಥ ಹೆಸರನ್ನು ಒಡೆಯರಲ್ಲದೆ ಬೇರೆ ಯಾರು ಇಟ್ಟಾರು?

1902ರಲ್ಲಿ ಆ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬ ಅಮೆರಿಕನ್ ಯಂತ್ರ ಹೊತ್ತುಕೊಂಡು ಕಲ್ಕತ್ತೆಗೆ ಬಂದ. ಹಾಡಲು ಯಾರನ್ನು ಕರೆಯಬೇಕು? ಮಾನವಂತರೆನಿಸಿಕೊಂಡ ಮನೆಯ ಹೆಂಗಸರು ಅಪರಿಚಿತ ಗಂಡಸರ ಮುಂದೆ, ಅದೂ ಒಂದು ಕೊಂಬಿನೊಳಗೆ, ಬಾಯಿ ತೆರೆಯುವ ಮಾತೇ ಇರಲಿಲ್ಲ. ದೊಡ್ಡ ಉಸ್ತಾದರಲ್ಲಿ ಹಲವರು ತಮ್ಮ ವಿದ್ಯೆ ಬೀದಿಗೆ ಬೀಳುತ್ತದೆಂದು ಹಿಂಜರಿದರು. ಮುಂದೆ ಬಂದವರು ತವಾಯಿಫರು, ಕಲಾವಂತಿನಿಯರು, ನಾಟಕ ಕಂಪನಿಗಳ ಹೆಂಗಸರು. ಅವರಲ್ಲಿ ದೊಡ್ಡ ಹೆಸರು ಗೌಹರ್ ಜಾನ್. ಆಕೆ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದಳು. ಅದು ಜಂಬವಲ್ಲ. ಮೇಣದ ಮೂಲ ತಟ್ಟೆಗಳು ಹಡಗೇರಿ ಜರ್ಮನಿಯ ಹಾನೋವರಿಗೆ ಹೋಗಿ ಅಲ್ಲಿ ಅಚ್ಚಾಗಬೇಕಿತ್ತು. ಅಲ್ಲಿಯ ಕೆಲಸಗಾರರಿಗೆ ಇದು ಯಾರ ದನಿ ಎಂದು ತಿಳಿಯಬೇಕಲ್ಲ? ಕಾರಣ ಏನೇ ಇರಲಿ, ನಮಗೆ ಇದರಲ್ಲಿ ಒಂದು ಪಾಠವಿದೆ. ಚೀಟಿ ಅಳಿಸಿದರೂ ಗೌಹರ್ ಜಾನಳ ಹೆಸರು ಅಳಿಯದು, ಏಕೆಂದರೆ ಆಕೆ ಅದನ್ನು ಹಾಡಿನೊಳಗೇ ಕೊರೆದಿಟ್ಟಿದ್ದಾಳೆ. ಅಷ್ಟು ಹೆಸರು ಮಾಡಿದಾಕೆ ಕೊನೆಗೆ 1928ರಲ್ಲಿ ಮೈಸೂರು ಅರಮನೆಯ ಸಂಬಳಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡಳು.

ಈಗ ಪ್ಲೇಟನ್ನೇ ಕೈಯಲ್ಲಿ ಹಿಡಿದು ನೋಡೋಣ. ಅದು ಯಾತರದ್ದು? ಅರಗಿನದ್ದು. ಕಲ್ಲಿನ ಪುಡಿ, ಕಾಡಿಗೆ, ಹತ್ತಿಯ ಎಳೆ ಇವನ್ನೆಲ್ಲ ಕಲಸಿ ಹಿಡಿದಿಡುತ್ತಿದ್ದುದು ಅರಗು. ಈ ಅರಗು ಯಾವ ಕಾರ್ಖಾನೆಯಲ್ಲೂ ಹುಟ್ಟುವುದಿಲ್ಲ. ಮುತ್ತುಗ, ಬಾರಿ, ಕುಸುಮ ಮರಗಳ ಎಳೆ ಟೊಂಗೆಗೆ ಸಣ್ಣ ಹುಳ ಅಂಟಿಕೊಂಡು ಸುರಿಸುವ ಅಂಟು ಅದು. ಛೋಟಾನಾಗಪುರದ ಕಾಡುಗಳಲ್ಲಿ ಮುಂಡಾ, ಉರಾಂವ್, ಸಂತಾಲ ಆದಿವಾಸಿಗಳು ಅದನ್ನು ಟೊಂಗೆಯಿಂದ ಕೆರೆದು ಸಂತೆಗೆ ತರುತ್ತಿದ್ದರು. ಸಾಹುಕಾರ ಅಲ್ಲಿ ತೂಕ ಹಾಕಿ ಕೊಳ್ಳುತ್ತಿದ್ದ. ಜಗತ್ತಿಗೆ ಬೇಕಾದ ಅರಗಿನ ಬಹುಪಾಲು ಹೋಗುತ್ತಿದ್ದುದು ಹಿಂದೂಸ್ತಾನದಿಂದ. ಕಲ್ಕತ್ತೆ ಬಂದರಿನಿಂದ ಅದು ಅಮೆರಿಕಕ್ಕೆ ಹೋಗಿ ಅಲ್ಲಿಯ ಹಾಡಿನ ಪ್ಲೇಟಾಗುತ್ತಿತ್ತು. 1942ರಲ್ಲಿ ಯುದ್ಧದಿಂದ ಹಡಗಿನ ದಾರಿಗೆ ಅಪಾಯ ಬಂದಾಗ ಅಮೆರಿಕದ ಸರಕಾರ ಪ್ಲೇಟಿನ ಕಂಪನಿಗಳಿಗೆ ಅರಗಿನ ಬಳಕೆಯನ್ನು ಶೇ. 70ರಷ್ಟು ಕಡಿತಗೊಳಿಸಿತು. ಹೊಸ ಪ್ಲೇಟು ಬೇಕೆಂದರೆ ಹಳೆಯ ಪ್ಲೇಟು ತಂದು ಕೊಡಿರಿ ಎಂದು ಅಲ್ಲಿಯ ಅಂಗಡಿಗಳು ಕೇಳಿದವು. ನಮ್ಮ ಕಾಡಿನ ಆದಿವಾಸಿ ಅರಗು ಕೆರೆದರೆ ಮಾತ್ರ ನ್ಯೂಯಾರ್ಕಿನ ಹಾಡು ಹೊರಡುವ ಕಾಲ ಅದಾಗಿತ್ತು.

ಅರಗು ಎಂದ ಕೂಡಲೇ ನಮಗೆ ನೆನಪಾಗುವುದು ಮಹಾಭಾರತದ ಅರಗಿನ ಮನೆ. ಪಾಂಡವರು ಸುರಂಗದಲ್ಲಿ ಪಾರಾದರು ಎಂದು ಎಲ್ಲರೂ ಸಂತೋಷದಿಂದ ಹೇಳುತ್ತಾರೆ. ಆ ರಾತ್ರಿ ಉಂಡು ಅಲ್ಲೇ ಮಲಗಿದ್ದ ಬೇಡರ ಹೆಂಗಸು ಮತ್ತು ಆಕೆಯ ಐವರು ಮಕ್ಕಳು ಸುಟ್ಟು ಕರಕಲಾದರು. ಅವರ ಹೆಣ ನೋಡಿ ಲೋಕ ಇವರೇ ಪಾಂಡವರೆಂದು ನಂಬಿತು. ಆ ತಾಯಿಯ ಹೆಸರೇನು? ವ್ಯಾಸರು ಬರೆಯಲಿಲ್ಲ. ಅರಗಿನ ಮನೆಗೂ ಅರಗಿನ ಪ್ಲೇಟಿಗೂ ಇರುವ ಸಂಬಂಧ ನಮಗೆ ಇಲ್ಲಿ ಕಾಣುತ್ತದೆ. ಎರಡರಲ್ಲೂ ಕೆಲವರ ಹೆಸರು ಬದುಕಬೇಕಾದರೆ ಇನ್ನು ಕೆಲವರು ಹೆಸರಿಲ್ಲದೆ ಹೋಗಬೇಕು.

ಇನ್ನು ನಮ್ಮ ಊರಿಗೆ ಬರೋಣ. 1884ರಲ್ಲಿ ಹೋಟಗಿಯಿಂದ ಗದಗಿಗೆ ಮೀಟರ್ ಗೇಜ್ ರೈಲು ಹಾದಾಗ ಈ ಸ್ಟೇಷನ್ನಿಗೂ ಈ ರಸ್ತೆಗೂ ಅರ್ಥ ಬಂತು. ಆಗ ನಾವು ಮುಂಬಯಿ ಪ್ರಾಂತದವರು. ಮುಂಬಯಿಯ ಗಾಡಿ ಹಿಡಿದು, ಹೋಟಗಿಯಲ್ಲಿ ಗಾಡಿ ಬದಲಿಸಿ ಇಲ್ಲಿ ಇಳಿಯಬೇಕು. ನಾಟಕ ಕಂಪನಿಗಳು ಹೀಗೇ ಬಂದವು, ಹಾಡಿನ ಪೆಟ್ಟಿಗೆಗಳೂ ಹೀಗೇ ಬಂದವು. ಇದೇ ದಾರಿಯಲ್ಲಿ ಎದುರು ದಿಕ್ಕಿಗೆ, ಇಲ್ಲಿಯ ದನಿಗಳು ಮುಂಬಯಿಗೆ ಹೋದವು.

ಅಮೀರಬಾಯಿ ಕರ್ನಾಟಕಿ ಹಾಗೆ ಹೋದ ದನಿ. ಹುಟ್ಟಿದ್ದು ಬೀಳಗಿಯಲ್ಲಿ, ಆಗ ಅದು ನಮ್ಮದೇ ಜಿಲ್ಲೆ. ಹಾಡು ನಾಟಕಗಳಿಂದ ಹೊಟ್ಟೆ ಹೊರೆಯುತ್ತಿದ್ದ ಮುಸ್ಲಿಂ ಮನೆತನ. ಅಕ್ಕ ಗೌಹರಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜೊತೆ ನಿಂತವಳು. ತಂಗಿ 1930ರ ದಶಕದಲ್ಲಿ ಮುಂಬಯಿಯ ಸಿನಿಮಾ ಸೇರಿದಳು. 1943ರ 'ಕಿಸ್ಮತ್' ಚಿತ್ರದಲ್ಲಿ ಆಕೆಯ ದನಿ ದೇಶದ ತುಂಬ ಹರಡಿತು. ಕಲ್ಕತ್ತೆಯ ಒಂದೇ ಟಾಕೀಸಿನಲ್ಲಿ ಆ ಚಿತ್ರ ಮೂರು ವರ್ಷಕ್ಕೂ ಮೇಲೆ ಓಡಿತು. ಪರಕೀಯರೇ ದೂರ ಸರಿಯಿರಿ ಎಂಬ ಅರ್ಥದ ಕವಿ ಪ್ರದೀಪರ ಹಾಡೊಂದು ಅದರಲ್ಲಿತ್ತು. ಜರ್ಮನಿ ಜಪಾನುಗಳ ಹೆಸರು ಹಾಕಿ ಬ್ರಿಟಿಷರ ಸೆನ್ಸಾರನ್ನು ದಾಟಿಸಿದ ಹಾಡು ಅದು. ಜನಕ್ಕೆ ಗೊತ್ತಿತ್ತು ಯಾರನ್ನು ದೂರ ಸರಿ ಅಂತಿದ್ದಾರೆ ಎಂದು. ಅದನ್ನು ಖಾನ್ ಮಸ್ತಾನಾ ಜೊತೆ ಹಾಡಿದ್ದು ಬೀಳಗಿಯ ಈ ಹೆಣ್ಣುಮಗಳು. ಸ್ವಾತಂತ್ರ್ಯದ ಚರಿತ್ರೆ ಬರೆದವರು ಯಾವ ಪುಟದಲ್ಲಿ ಆಕೆಯ ಹೆಸರು ಬರೆದರು? ಆಕೆ ತೀರಿಕೊಂಡಿದ್ದು 1965ರಲ್ಲಿ. ಕನ್ನಡದಲ್ಲಿ ಆಕೆಯ ಬದುಕಿನ ಮೇಲೆ ರಹಮತ್ ತರೀಕೆರೆಯವರ ಪುಸ್ತಕ ಬರುವ ಹೊತ್ತಿಗೆ ನಾಲ್ಕು ದಶಕ ದಾಟಿ ಹೋಗಿತ್ತು.

ಇನ್ನೊಬ್ಬಾಕೆ ಗಂಗೂಬಾಯಿ ಹಾನಗಲ್. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದವಳು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಬಲ್ಲವಳು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯ ಮುಂದೆ ಸ್ವಾಗತ ಗೀತೆ ಹಾಡುವ ಹುಡುಗಿಯರಲ್ಲಿ ಆಕೆಯೂ ಇದ್ದಳು. ಮುಂದೆ ದೊಡ್ಡವಳಾದ ಮೇಲೆ ಆ ದಿನ ತನಗಿದ್ದ ಹೆದರಿಕೆಯನ್ನು ಆಕೆ ಹೇಳಿಕೊಂಡಿದ್ದಾಳೆ. ಅದು ಶ್ರುತಿ ತಪ್ಪುವ ಹೆದರಿಕೆಯಲ್ಲ. ಕೆಳಜಾತಿಯವಳೆಂದು ಎಲ್ಲಿ ತನಗೆ ಉಂಡ ಎಲೆ ಎತ್ತಲು ಹೇಳುತ್ತಾರೋ ಎಂಬ ಹೆದರಿಕೆ! ದೇಶ ಬಿಡುಗಡೆಯಾಗಬೇಕೆಂಬ ಸಭೆಯಲ್ಲಿ ಹಾಡುವ ಹನ್ನೊಂದು ವರ್ಷದ ಮಗುವಿನ ಎದೆಯಲ್ಲಿ ಎಂಜಲೆಲೆಯ ಭಯ. ಜಾತಿ ಎಂದರೇನು ಎಂದು ಕೇಳುವ ವಿದ್ಯಾರ್ಥಿಗಳಿಗೆ ನಾವು ಈ ಒಂದು ಸಂಗತಿ ಹೇಳಿದರೆ ಸಾಕು.

ಆ ಹುಡುಗಿಯನ್ನು 1930ರ ದಶಕದ ಮೊದಲಲ್ಲಿ ಎಚ್.ಎಂ.ವಿ. ಮುಂಬಯಿಗೆ ಕರೆಸಿ ಪ್ಲೇಟು ಮಾಡಿತು. ಚೀಟಿಯ ಮೇಲೆ ಅಚ್ಚಾದ ಹೆಸರು ಗಾಂಧಾರಿ. ಹೊಟ್ಟೆಯಿಂದ ಬಂದ ದನಿ ಗಂಗೂಬಾಯಿಯದು, ಚೀಟಿಯ ಹೆಸರು ಇನ್ನೊಂದು. ಆಮೇಲೆ ಗಂಗೂಬಾಯಿ ತನ್ನ ಹೆಸರಿನಲ್ಲೇ ಹಾಡಿ ಗೆದ್ದಳು, 2002ರಲ್ಲಿ ಪದ್ಮವಿಭೂಷಣವೂ ಬಂತು. ಆದರೂ ಆಕೆ ಒಂದು ಮಾತನ್ನು ನಗುನಗುತ್ತಲೇ ಹೇಳುತ್ತಿದ್ದಳು: ಹಾಡುವ ಗಂಡಸು ಮುಸಲ್ಮಾನನಾದರೆ ಉಸ್ತಾದನಾಗುತ್ತಾನೆ, ಹಿಂದುವಾದರೆ ಪಂಡಿತನಾಗುತ್ತಾನೆ, ಹೆಂಗಸು ಮಾತ್ರ ಬಾಯಿಯಾಗಿಯೇ ಉಳಿಯುತ್ತಾಳೆ ಎಂದು.

ಇದೇ ಕಾಲದಲ್ಲಿ ನಮ್ಮ ಜಿಲ್ಲೆಯ ಹಲಸಂಗಿಯ ಗೆಳೆಯರು ಊರೂರು ತಿರುಗಿ ಹೆಣ್ಣುಮಕ್ಕಳ ಬೀಸುವ ಪದ, ಕುಟ್ಟುವ ಪದ ಕೂಡಿಸಿದರು. 1931ರಲ್ಲಿ ಅದು ಪುಸ್ತಕವಾಗಿ ಬಂತು. ಅವರ ದುಡಿಮೆಗೆ ನಾವು ಕೈ ಮುಗಿಯುತ್ತೇವೆ. ಆದರೆ ಪುಸ್ತಕದ ಹೆಸರು ನೋಡಿರಿ: 'ಗರತಿಯ ಹಾಡು'. ಗರತಿ ಎನಿಸಿಕೊಂಡವಳ ಹಾಡು ಪುಸ್ತಕವಾಗಿ ಪಂಡಿತರ ಮೇಜಿಗೆ ಹೋಯಿತು. ಗರತಿ ಎನಿಸಿಕೊಳ್ಳದವಳ ಹಾಡು ಪ್ಲೇಟಾಗಿ ಅಂಗಡಿಗೆ ಹೋಯಿತು. ಒಬ್ಬಳಿಗೆ ಮಾನ ಸಿಕ್ಕಿತು, ಹಣವಿಲ್ಲ. ಇನ್ನೊಬ್ಬಳಿಗೆ ಒಂದಿಷ್ಟು ಹಣ ಸಿಕ್ಕಿತು, ಮಾನವಿಲ್ಲ. ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಚೌಡಕಿ ಹಿಡಿದು ಹಾಡುತ್ತಿದ್ದ ನಮ್ಮ ಕೇರಿಯ ಅಕ್ಕಂದಿರಿಗೆ ಎರಡೂ ಸಿಗಲಿಲ್ಲ. ದೇವದಾಸಿ ಬಿಡುವುದನ್ನು ನಿಲ್ಲಿಸಲು ಮುಂಬಯಿ ಸರಕಾರ 1934ರಲ್ಲಿ ಕಾಯ್ದೆ ಮಾಡಿತು, ಕರ್ನಾಟಕ 1982ರಲ್ಲಿ ಮತ್ತೆ ಮಾಡಬೇಕಾಯಿತು. ಎರಡು ಕಾಯ್ದೆಗಳ ನಡುವಿನ 48 ವರ್ಷದಲ್ಲಿ ಎಷ್ಟು ಹೆಣ್ಣುಮಕ್ಕಳ ಕೊರಳಿಗೆ ಮುತ್ತು ಬಿತ್ತೋ!

ಸ್ವಾತಂತ್ರ್ಯ ಬಂದ ಮೇಲಾದರೂ ಹಾಡುವವಳಿಗೆ ಗೌರವ ಬಂತೇ? ವಲ್ಲಭಭಾಯಿ ಪಟೇಲರು ಪ್ರಸಾರ ಖಾತೆ ನೋಡಿಕೊಳ್ಳುತ್ತಿದ್ದಾಗ, ಖಾಸಗಿ ಬದುಕು ಊರಿಗೆಲ್ಲ ಅಪವಾದವಾದಂಥವರನ್ನು ಆಕಾಶವಾಣಿಯಲ್ಲಿ ಹಾಡಿಸಬಾರದೆಂಬ ನಿಯಮ ಬಂತು. ಅದರ ಏಟು ಬಿದ್ದದ್ದು ತವಾಯಿಫರ ಮೇಲೆ, ಕಲಾವಂತಿನಿಯರ ಮೇಲೆ. ಅವರನ್ನು ಇಟ್ಟುಕೊಂಡಿದ್ದ ಜಹಗೀರದಾರರ ಖಾಸಗಿ ಬದುಕನ್ನು ಯಾವ ನಿಲಯವೂ ಕೇಳಲಿಲ್ಲ. 1952ರಲ್ಲಿ ಮಂತ್ರಿಯಾದ ಬಿ.ವಿ. ಕೇಸ್ಕರ್ ಸಿನಿಮಾ ಹಾಡನ್ನೇ ರೇಡಿಯೋದಿಂದ ದೂರ ಇಟ್ಟರು. ಶುದ್ಧಿ ಎಂಬ ಮಾತು ಅಡುಗೆಮನೆಯಿಂದ ಹೊರಟು ಸ್ಟುಡಿಯೋದೊಳಗೂ ಕಾಲಿಟ್ಟಿತು.

ಇದು ನಮ್ಮ ದೇಶದ ಪಾಪ ಮಾತ್ರ ಎಂದು ತಿಳಿಯಬಾರದು. 1946ರಲ್ಲಿ ಬಾಬಾಸಾಹೇಬರು ಅಮೆರಿಕದ ಕಪ್ಪುಜನರ ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಕಾಗದ ಬರೆದು, ಅಸ್ಪೃಶ್ಯರ ಸ್ಥಿತಿಗೂ ಕಪ್ಪುಜನರ ಸ್ಥಿತಿಗೂ ಇರುವ ಹೋಲಿಕೆಯ ಮಾತೆತ್ತಿದ್ದರು. 1972ರಲ್ಲಿ ಮುಂಬಯಿಯ ನಮ್ಮ ತರುಣರು ದಲಿತ ಪ್ಯಾಂಥರ್ ಎಂದು ಹೆಸರಿಟ್ಟುಕೊಂಡದ್ದೂ ಅಲ್ಲಿಯ ಬ್ಲ್ಯಾಕ್ ಪ್ಯಾಂಥರನ್ನು ನೋಡಿ. ಹಾಡಿನ ಪ್ಲೇಟಿನಲ್ಲೂ ಆ ಹೋಲಿಕೆಯನ್ನು ನಾವು ನೋಡಬೇಕು.

1920ರಲ್ಲಿ ಓಕೆ ಎಂಬ ಕಂಪನಿ ಮೇಮಿ ಸ್ಮಿತ್ ಎಂಬ ಕಪ್ಪು ಹೆಣ್ಣುಮಗಳ ಹಾಡನ್ನು ಪ್ಲೇಟು ಮಾಡಿತು. ಕಪ್ಪು ಕೂಲಿಗಳು, ಮನೆಗೆಲಸದವರು ಅದನ್ನು ಮುಗಿಬಿದ್ದು ಕೊಂಡರು. ಬಡವರ ಕಿಸೆಯಲ್ಲೂ ದುಡ್ಡಿದೆ ಎಂದು ಆಗ ಕಂಪನಿಗಳಿಗೆ ತಿಳಿಯಿತು. ಆದರೆ ಆ ಪ್ಲೇಟುಗಳನ್ನು ಬಿಳಿಯರ ಪ್ಲೇಟಿನ ಜೊತೆ ಇಡಲಿಲ್ಲ. ಬೇರೆ ಪಟ್ಟಿ, ಬೇರೆ ನಂಬರು, ಬೇರೆ ಹೆಸರು: 'ರೇಸ್ ರೆಕಾರ್ಡ್', ಅಂದರೆ ಜನಾಂಗದ ಪ್ಲೇಟು. ನಮ್ಮ ಹೋಟೆಲುಗಳಲ್ಲಿ ಹೊಲೆಮಾದಿಗರ ಕಪ್ಪು ಬಸಿ ಹೊರಗಿನ ಗೂಡಿನಲ್ಲಿ ಬೇರೆ ಇಡುತ್ತಿದ್ದರಲ್ಲ, ಹಾಗೆ.

1949ರ ಜೂನಿನಲ್ಲಿ 'ಬಿಲ್‌ಬೋರ್ಡ್' ಎಂಬ ವ್ಯಾಪಾರಿ ಪತ್ರಿಕೆ ಈ ಹೆಸರು ಚೆನ್ನಾಗಿಲ್ಲವೆಂದು ಬದಲಿಸಿ 'ರಿದಮ್ ಅಂಡ್ ಬ್ಲೂಸ್' ಎಂದಿತು. ಹೊಸ ಹೆಸರು ಹುಡುಕಿಕೊಟ್ಟವನು ಅಲ್ಲಿಯ ವರದಿಗಾರ ಜೆರ್ರಿ ವೆಕ್ಸ್‌ಲರ್. 1953ರಲ್ಲಿ ಅವನೇ ಅಟ್ಲಾಂಟಿಕ್ ರೆಕಾರ್ಡ್ಸ್ ಕಂಪನಿಯ ಪಾಲುದಾರನಾದ. ಹೆಸರಂತೂ ಬದಲಾಯಿತು. ಲೆಕ್ಕದ ಪುಸ್ತಕ? ನಮ್ಮನ್ನೂ ಅಸ್ಪೃಶ್ಯರೆಂದರು, ಆಮೇಲೆ ಹರಿಜನರೆಂದರು. ಹರಿಜನ ಎಂದು ಕರೆದ ಮಾತ್ರಕ್ಕೆ ಕೆರೆಯ ನೀರು ಮುಟ್ಟಲು ಬಿಟ್ಟರೇನು? ನಾವಾಗಿಯೇ ದಲಿತರೆಂದು ಹೆಸರಿಟ್ಟುಕೊಂಡಾಗ ಮಾತ್ರ ಆ ಹೆಸರಿಗೆ ಕಾವು ಬಂತು.

ಅಟ್ಲಾಂಟಿಕ್ ಕಂಪನಿಯ ಕತೆಯನ್ನು ನಮ್ಮವರು ತಿಳಿಯಬೇಕು. 1947ರಲ್ಲಿ ನ್ಯೂಯಾರ್ಕಿನಲ್ಲಿ ಅದನ್ನು ಕಟ್ಟಿದವರು ತುರ್ಕಿ ರಾಯಭಾರಿಯ ಮಗ ಅಹ್ಮೆತ್ ಎರ್ತೆಗುನ್ ಮತ್ತು ಹರ್ಬ್ ಅಬ್ರಾಮ್ಸನ್. ಬಂಡವಾಳ ಒಬ್ಬ ಹಲ್ಲಿನ ಡಾಕ್ಟರನಿಂದ ತಂದ 10,000 ಡಾಲರ್ ಸಾಲ. ಬೇರೆ ಸ್ಟುಡಿಯೋ ಇಲ್ಲದ ಕಾರಣ ಸಂಜೆಯಾದ ಮೇಲೆ ಆಫೀಸಿನ ಮೇಜುಗಳನ್ನು ಗೋಡೆಗೆ ಸರಿಸಿ ಅಲ್ಲೇ ರೆಕಾರ್ಡು ಮಾಡುತ್ತಿದ್ದರು. ಕಪ್ಪುಜನರ ಹಾಡನ್ನು ಪ್ರೀತಿಯಿಂದ, ಕಿವಿಗೊಟ್ಟು ರೆಕಾರ್ಡು ಮಾಡಿದವರು ಅವರು. ಇದನ್ನು ನಾವು ಅಲ್ಲಗಳೆಯುವುದಿಲ್ಲ. ರೂತ್ ಬ್ರೌನ್ ಎಂಬ ಹಾಡುಗಾರ್ತಿಯ ಪ್ಲೇಟುಗಳು 1949ರಿಂದ ಎಷ್ಟು ಮಾರಾಟವಾದವೆಂದರೆ, ಅಟ್ಲಾಂಟಿಕ್ ಎಂದರೆ ರೂತ್ ಕಟ್ಟಿದ ಮನೆ ಎಂದೇ ಜನ ಕರೆದರು. ಲಾವರ್ನ್ ಬೇಕರ್ ಎಂಬಾಕೆಯ ಹಾಡನ್ನು ಬಿಳಿಯ ಹಾಡುಗಾರ್ತಿಯೊಬ್ಬಳು ತಾಳ ವಾದ್ಯ ಸಮೇತ ಹಾಗೇ ನಕಲು ಮಾಡಿ ಇನ್ನೊಂದು ಕಂಪನಿಯಲ್ಲಿ ಪ್ಲೇಟು ತಂದಾಗ, ಆಕೆ 1955ರಲ್ಲಿ ತನ್ನ ಕಡೆಯ ಕಾಂಗ್ರೆಸ್ ಸದಸ್ಯನಿಗೆ ಅರ್ಜಿ ಬರೆದು ಇದಕ್ಕೊಂದು ಕಾನೂನು ಮಾಡಿರಿ ಎಂದು ಕೇಳಿದಳು. ಕಾನೂನು ಬರಲಿಲ್ಲ. ಅರ್ಜಿ ಮಾತ್ರ ಚರಿತ್ರೆಯಲ್ಲಿ ಉಳಿಯಿತು.

1967ರಲ್ಲಿ ಆ ಕಂಪನಿ 1 ಕೋಟಿ 75 ಲಕ್ಷ ಡಾಲರಿಗೆ ಮಾರಾಟವಾಯಿತು. ಅದೇ 60ರ ದಶಕದಲ್ಲಿ, ಮನೆ ಕಟ್ಟಿಕೊಟ್ಟ ರೂತ್ ಬ್ರೌನ್ ಏನು ಮಾಡುತ್ತಿದ್ದಳು? ಮಕ್ಕಳನ್ನು ಸಾಕಲು ಮನೆಗೆಲಸ ಮಾಡುತ್ತಿದ್ದಳು, ಸಾಲಿ ಮಕ್ಕಳ ಬಸ್ಸು ಓಡಿಸುತ್ತಿದ್ದಳು. ರೆಕಾರ್ಡಿಂಗಿನ ಖರ್ಚನ್ನೆಲ್ಲ ಹಾಡಿದವರ ಲೆಕ್ಕಕ್ಕೇ ಬರೆದು, ನೀವೇ ಕಂಪನಿಗೆ ಬಾಕಿ ಎಂದು ತೋರಿಸುವುದು ಆ ವ್ಯಾಪಾರದ ರೀತಿ. ನಮ್ಮ ಗೌಡರ ಮನೆಯ ಜೀತದ ಲೆಕ್ಕವೂ ಹೀಗೇ ಇತ್ತಲ್ಲವೆ? ದುಡಿದಷ್ಟೂ ಬಾಕಿ ಬೆಳೆಯುತ್ತಿತ್ತು. ಆದರೆ ಆಕೆ ಸುಮ್ಮನೆ ಕೂಡಲಿಲ್ಲ. ವಕೀಲನನ್ನು ಹಿಡಿದು, ಸಭೆಗಳಲ್ಲಿ ಮಾತಾಡಿ, ವರ್ಷಗಟ್ಟಲೆ ಬಡಿದಾಡಿದಳು. 1988ರಲ್ಲಿ ಅಟ್ಲಾಂಟಿಕ್ ಮಣಿಯಿತು. ಆಕೆಯ ಮತ್ತು ಆ ಕಾಲದ ಇನ್ನೂ 35 ಕಲಾವಿದರ ಹಳೇ ಬಾಕಿ ತೊಡೆದು ಹಾಕಿ, 20 ವರ್ಷದ ಹಿಂದಿನಿಂದ ರಾಯಲ್ಟಿ ಕೊಡಲು ಒಪ್ಪಿತು. ಆ ಕಾಲದ ಬಡ ಕಲಾವಿದರಿಗೆ ನೆರವಾಗುವ ಒಂದು ಪ್ರತಿಷ್ಠಾನಕ್ಕೂ ಹಣ ಕೊಟ್ಟಿತು. ರೂತ್ ತನ್ನೊಬ್ಬಳ ಬಾಕಿ ಕೇಳಿ ಸುಮ್ಮನಾಗಲಿಲ್ಲ ಎಂಬುದನ್ನು ಸಂಘಟನೆಯ ಕೆಲಸ ಮಾಡುವ ನಮ್ಮ ಗೆಳೆಯರು ಗಮನಿಸಬೇಕು.

ನಮ್ಮ ಕಡೆ ಕಾಯ್ದೆ ಏನು ಹೇಳಿತು? 1957ರ ಕಾಪಿರೈಟ್ ಕಾಯ್ದೆಯಲ್ಲಿ ಪ್ಲೇಟಿನ ಹಕ್ಕು ಪ್ಲೇಟು ಮಾಡಿಸಿದ ಕಂಪನಿಯದು. ಹಾಡಿದವರಿಗೆ ಹಕ್ಕು ಎಂಬ ಮಾತೇ ಇರಲಿಲ್ಲ. 1994ರ ತಿದ್ದುಪಡಿಯಲ್ಲಿ ಮೊದಲ ಸಲ ಪ್ರದರ್ಶಕರ ಹಕ್ಕು ಎಂಬುದು ಬಂತು. 2012ರ ತಿದ್ದುಪಡಿಯಲ್ಲಿ ರಾಯಲ್ಟಿಯ ಪಾಲಿನ ಮಾತು ಗಟ್ಟಿಯಾಯಿತು. ಅಷ್ಟರಲ್ಲಿ ಅಮೀರಬಾಯಿ ಮಣ್ಣಾಗಿ 47 ವರ್ಷ. ಆದರೆ ಆಕೆ ಒಂದು ಜಾಣತನ ಮಾಡಿದ್ದಳು. ದನಿಗೆ ಬೆಲೆಯಿದ್ದ ದಿನಗಳಲ್ಲಿ ಗಳಿಸಿದ ದುಡ್ಡಿನಲ್ಲಿ ಈ ಊರಿನಲ್ಲಿ ಒಂದು ಸಿನಿಮಾ ಮಂದಿರ ಕಟ್ಟಿಸಿ, ಅಮೀರ್ ಟಾಕೀಸ್ ಎಂದು ಹೆಸರಿಟ್ಟಳು. ಕಂಪನಿಯ ಚೀಟಿಯನ್ನು ನಂಬದೆ ಕಲ್ಲಿನ ಗೋಡೆಯ ಮೇಲೆ ತನ್ನ ಹೆಸರು ತಾನೇ ಬರೆಸಿದಳು. ಮುಂಬಯಿಯಲ್ಲಿ ತೀರಿಕೊಂಡರೂ ಆಕೆ ಮಣ್ಣಾದದ್ದು ಈ ಊರಿನಲ್ಲೇ.

ಇಷ್ಟೆಲ್ಲ ಹೇಳಿದ ಮೇಲೆ ಪ್ಲೇಟನ್ನು ಬರೀ ಬೈದು ಮುಗಿಸುವುದು ತಪ್ಪಾದೀತು. ಅದಕ್ಕೆ ಇನ್ನೊಂದು ಮಗ್ಗುಲಿದೆ. ಗುರುವಿನ ಮನೆಯ ಜಗಲಿ ಹತ್ತಲು ಜಾತಿ ಬೇಕಿತ್ತು. ಪ್ಲೇಟು ಕೇಳಲು ಕಿವಿ ಇದ್ದರೆ ಸಾಕಿತ್ತು. ತಿಕೋಟಾ, ಬಬಲೇಶ್ವರದ ಕಡೆಯಿಂದ ಸಂತೆಗೆ ಬಂದ ಕೂಲಿಯವನಿಗೆ ಹೋಟೆಲಿನ ಒಳಗೆ ಜಾಗ ಇರಲಿಲ್ಲ, ಚಹಾದ ಕಪ್ಪು ಬೇರೆ. ಆದರೆ ಮಾಲಕ ಕೀಲಿ ಕೊಟ್ಟು ಹಚ್ಚಿದ ಹಾಡು ಬಾಗಿಲು ದಾಟಿ ಅವನು ಕುಕ್ಕರಗಾಲಿನಲ್ಲಿ ಕೂತ ಬೀದಿಗೂ ಬರುತ್ತಿತ್ತು. ದನಿಯನ್ನು ತಡೆಯುವ ಮಡಿಯನ್ನು ಯಾವ ಶಾಸ್ತ್ರಿಯೂ ಕಂಡುಹಿಡಿಯಲಿಲ್ಲ. ಗದಗಿನ ಹುಡುಗ ಭೀಮಸೇನ ಜೋಶಿಗೆ ಅಬ್ದುಲ್ ಕರೀಂ ಖಾನರ ಹಾಡಿನ ಹುಚ್ಚು ಹಿಡಿಸಿದ್ದು ಇಂಥದೇ ಪ್ಲೇಟು. ಕೇರಿಯಲ್ಲಿ ಆ ಹುಚ್ಚು ಹಿಡಿದ ಹುಡುಗರು ಎಷ್ಟಿದ್ದರೋ, ಅವರಿಗೆ ಓಡಿಹೋಗಿ ಸೇರಲು ಗುರುವಿನ ಮನೆ ಇರಲಿಲ್ಲ.

ಯಂತ್ರಕ್ಕೂ ಒಂದು ಅಳತೆ ಇತ್ತು. 10 ಅಂಗುಲದ ಪ್ಲೇಟಿನ ಒಂದು ಮಗ್ಗುಲಿಗೆ ಮೂರು ನಿಮಿಷದ ಮೇಲೆ ಸ್ವಲ್ಪ. ಠುಮರಿ ಹಿಡಿಸಿತು, ನಾಟಕದ ಹಾಡು ಹಿಡಿಸಿತು. ರಾತ್ರಿಯಿಡೀ ಹೇಳುವ ಹಂತಿ ಪದ, ಮೊಹರಮ್ಮಿನ ರಿವಾಯತು, ಚೌಡಕಿಯ ಕತೆ ಇವು ಮೂರು ನಿಮಿಷಕ್ಕೆ ಹಿಡಿಸಲಿಲ್ಲ. ಬಳ್ಳಾರಿ ಕಡೆಯ ದರೋಜಿ ಈರಮ್ಮ ಪರಿಶಿಷ್ಟ ಜಾತಿಯ ಬುಡ್ಗಜಂಗಮ ಅಲೆಮಾರಿ ಕುಲದವಳು, ಓದು ಬರಹ ಇಲ್ಲದವಳು. ಹನ್ನೆರಡು ಮಹಾಕಾವ್ಯ ಆಕೆಯ ನಾಲಗೆ ಮೇಲಿದ್ದವು. ಆಕೆಯ ದೊಡ್ಡ ಕಾವ್ಯಗಳು ಅಚ್ಚಿಗೆ ಬಂದದ್ದು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ, ಪ್ಲೇಟಿನ ಕಾಲ ಮುಗಿದು ಎಷ್ಟೋ ವರ್ಷಕ್ಕೆ. 2014ರಲ್ಲಿ ಆಕೆ ತೀರಿಕೊಂಡಳು. ಇನ್ನು ನಮ್ಮ ಹಲಗೆಯ ಮಾತಂತೂ ಕೇಳಲೇಬೇಡಿ. ತಬಲಾದ ಚರ್ಮ ಹದ ಮಾಡಿದ ಕೈಯ ಹೆಸರು ಯಾವ ಚೀಟಿಯ ಮೇಲೂ ಬಂದದ್ದನ್ನು ನಾವು ಕಂಡಿಲ್ಲ.

ಈಗ ನಮ್ಮ ಕಡೆಗೇ ಬೆರಳು ತಿರುಗಿಸೋಣ. 70ರ ದಶಕದಲ್ಲಿ ದಲಿತ ಚಳವಳಿ ಹುಟ್ಟಿತು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ನಮ್ಮ ಹಾಡುಗಳಿಗೆ ಪ್ಲೇಟು ಬೇಕಾಗಲಿಲ್ಲ. ಹಲಗೆ ಬಡಿದು ಬಾಯಿಂದ ಬಾಯಿಗೆ ಊರೂರು ದಾಟಿದವು. ಅದು ನಮ್ಮ ಹೆಮ್ಮೆ. ಆದರೆ ನಾವು ಅಚ್ಚು ಹಾಕಿಸಿದ ಹಾಡಿನ ಪುಸ್ತಿಕೆಗಳನ್ನು ತೆಗೆದು ನೋಡಿರಿ. ಎಷ್ಟು ಹಾಡಿನ ಕೆಳಗೆ ಬರೆದವರ ಹೆಸರಿದೆ? ಧಾಟಿ ಕೊಟ್ಟ ಅವ್ವನ ಹೆಸರಿದೆಯೆ? 'ಜಾನಪದ' ಎಂದು ಒಂದು ಪದ ಹಾಕಿ ಕೈ ತೊಳೆದುಕೊಂಡದ್ದು ಎಷ್ಟು ಸಲ? ಈಗಂತೂ ಎಲ್ಲರ ಕೈಯಲ್ಲೂ ಮೊಬೈಲಿದೆ. ಜಾತ್ರೆಯಲ್ಲಿ ಹಾಡುವ ಮುದುಕಿಯನ್ನು ಚಿತ್ರೀಕರಿಸಿ ಊರಿಗೆಲ್ಲ ಕಳಿಸುತ್ತೇವೆ. ಆಕೆಯ ಹೆಸರು ಕೇಳುವುದನ್ನು ಮರೆಯುತ್ತೇವೆ. ಹಾಗಾದರೆ ನಮಗೂ ಆ ನಾಯಿ ಮಾರ್ಕಿನ ಒಡೆಯರಿಗೂ ಏನು ಫರಕು?

ಅದಕ್ಕೇ ಹಳ್ಳಿಯ ಮಾಸ್ತರರಲ್ಲಿ, ವಿದ್ಯಾರ್ಥಿ ಗೆಳೆಯರಲ್ಲಿ ನಮ್ಮದೊಂದು ಬೇಡಿಕೆ. ನಿಮ್ಮೂರಿನ ಹಾಡುವವರ ಹತ್ತಿರ ಹೋಗಿರಿ. ಮೊದಲು ಒಪ್ಪಿಗೆ ಕೇಳಿರಿ. ಹಾಡು ಹಿಡಿಯುವ ಮೊದಲು ಆಕೆಯ ಬಾಯಿಂದಲೇ ಆಕೆಯ ಹೆಸರು, ಊರು, ಯಾರಿಂದ ಕಲಿತದ್ದು ಎಂಬುದನ್ನು ಹೇಳಿಸಿರಿ, ಗೌಹರ್ ಜಾನ್ ಹೇಳಿಕೊಂಡ ಹಾಗೆ. ಸಾಥ್ ಕೊಟ್ಟವರ ಹೆಸರನ್ನೂ, ಹಲಗೆಗೆ ಚರ್ಮ ಬಿಗಿದವರ ಹೆಸರನ್ನೂ ಬರೆದಿಡಿರಿ. ಒಂದು ಪ್ರತಿ ಆಕೆಯ ಮನೆಗೇ ಕೊಡಿರಿ. ಅದರಿಂದ ದುಡ್ಡು ಹುಟ್ಟಿದರೆ ಮೊದಲ ಪಾಲು ಆ ಮನೆಗೆ ಹೋಗಲಿ.

ಆ ನಾಲ್ಕನೆಯ ಪ್ಲೇಟನ್ನು ನಾವು ಕೊಂಡು ತಂದಿದ್ದೇವೆ. ಹಚ್ಚುವ ಯಂತ್ರ ಇನ್ನೂ ಸಿಕ್ಕಿಲ್ಲ. ಸಿಕ್ಕ ದಿನ ಸೂಜಿ ಇಟ್ಟು, ಹಾಡು ಮುಗಿದ ಮೇಲೂ ಸ್ವಲ್ಪ ಹೊತ್ತು ಸುಮ್ಮನೆ ಕೂತು ಕೇಳುತ್ತೇವೆ. ಕೊನೆಗೆ ಆ ತಾಯಿ ತನ್ನ ಹೆಸರು ಹೇಳಿದ್ದರೂ ಹೇಳಿರಬಹುದು.